ಕೆನ್ನೆಗೆ ಮೆತ್ತಿದ ಬೂದಿ

ನಮ್ಮ ಕಂಪೌಂಡರ್ ಕಾಕಾ ಅವರ ಹಣೆಯ ಮೇಲೆ ಬೆಳ್ಳಗೆ ವಿಭೂತಿ ಇರುತ್ತಿತ್ತು, ಎಡಗೆನ್ನೆಯ ಮೇಲೆ ಕರ್ರಗೆ ಬೂದಿ. ವಿಭೂತಿಯನ್ನು ಮುಂಜಾನೆ ಸ್ನಾನ ಮಾಡಿ ಅವರೇ ಹಚ್ಚಿಕೊಳ್ಳುತ್ತಿದ್ದರು. ಬೂದಿ ತಾನಾಗಿ ಮೆತ್ತಿಕೊಳ್ಳುತ್ತಿತ್ತು. ಎಪ್ಪತ್ತರ ಹತ್ತಿರದ ಆ ಮನುಷ್ಯ ರೈಸ್ ಮಿಲ್ಲಿನ ಹಿಂದಿನ ಬಯಲಿನಲ್ಲಿ ಧೋತರ ಎತ್ತಿ ಕಟ್ಟಿ, ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ನಾಯಿಯ ಹೆಜ್ಜೆಗುರುತು ನೋಡುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ತಲೆಸುತ್ತಿ ಬಿದ್ದರೆಂದು ತಿಳಿದು ನಾನು ನೀರಿನ ಬಾಟಲಿ ಹಿಡಿದು ಓಡಿದ್ದೆ. ಅವರು ತಲೆ ಎತ್ತದೆ, "ಆಕಡಿ ಸರಿ ಬೇ, ನೆಳ್ಳು ಬೀಳಾಕತ್ತೈತಿ" ಅಂದರು.

ನಾನು ಮಸ್ಕಿಯಲ್ಲಿ ಬ್ಲೌಸ್ ಹೊಲಿಯುವವಳು. ಬಸ್ ನಿಲ್ದಾಣದಿಂದ ಒಳಕ್ಕೆ ಎರಡನೇ ಓಣಿಯಲ್ಲಿ, ಕಪ್ಪು ಕಲ್ಲಿನ ಮೂರು ಎತ್ತರದ ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ. ಮನೆಯೂ ಅದರ ಹಿಂದೆಯೇ. ನನ್ನ ಜೊತೆ ಇದ್ದದ್ದು ಚಂದ್ರಿ, ಮುಧೋಳ ತಳಿಯ ಹೆಣ್ಣುನಾಯಿ. ಬಡಕಲು ಮೈ, ಉದ್ದ ಮೂತಿ, ಕಾಲು ನೋಡಿದರೆ ಜಿಂಕೆ ನೆನಪಾಗಬೇಕು. ಸಿಂಧನೂರಿನ ಕಡೆ ನಾಯಿ ಸಾಕುವ ಹುಚ್ಚಿನ ಕೆಲವರು ಸೇರಿ ಅಡೆತಡೆ ಓಟದ ಸ್ಪರ್ಧೆ ಶುರುಮಾಡಿದ ಮೇಲೆ ನನಗೂ ಆ ಹುಚ್ಚು ಹತ್ತಿತು. ಸಾಲಾಗಿ ಅಡ್ಡಕೋಲು ಇಟ್ಟಿರುತ್ತಾರೆ, ನಾಯಿ ಜಿಗಿಯಬೇಕು. ತಳ ತೆಗೆದ ಡ್ರಮ್ಮುಗಳ ಒಳಗೆ ನುಗ್ಗಿ ಹೊರಬರಬೇಕು, ನೆಟ್ಟ ಗೂಟಗಳ ನಡುವೆ ಹಾವಿನ ಹಾಗೆ ಹೊರಳಿ ಹೋಗಬೇಕು. ಒಡೆಯರು ಪಕ್ಕದಲ್ಲೇ ಓಡುತ್ತ ಕೈ ತೋರಿಸಬೇಕು. ಕೋಲು ಬಿದ್ದರೆ ಅಂಕ ಹೋಯಿತು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ನಾನು ಓಡುವುದನ್ನು ನೋಡಲೆಂದೇ ಜನ ಬರುತ್ತಿದ್ದರೆಂದು ನನಗೆ ಗೊತ್ತು. ಬರಲಿ ಬಿಡಿ.

ಕಾಕಾ ಸಿಂಧನೂರಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾಗಿ ನಮ್ಮ ಹಿಂದಿನ ಓಣಿಗೆ ಬಂದು ನೆಲೆಸಿದವರು. ಎಮ್ಮೆ, ಎತ್ತು, ಆಡು ಎಲ್ಲವುಗಳ ಕಾಲು ಹಿಡಿದು ಪಳಗಿದ ಕೈ. ಭಾನುವಾರಕ್ಕೊಮ್ಮೆ ನಾನು ಟಂಟಂ ಆಟೋದಲ್ಲಿ ಚಂದ್ರಿಯನ್ನು ಕೂಡಿಸಿಕೊಂಡು ಸಿಂಧನೂರು ರಸ್ತೆಯ ರೈಸ್ ಮಿಲ್ಲಿಗೆ ಹೋಗಿ ಅಭ್ಯಾಸ ಮಾಡಿಸುತ್ತಿದ್ದೆ. ಒಂದು ದಿನ ಅವರೂ ಕೇಳದೆ ಹತ್ತಿ ಕೂತರು. ನೆಲ್ಲು ಒಣಗಿಸುವ ಸಿಮೆಂಟ್ ಅಂಗಳದಲ್ಲಿ ನಾನು ಕೋಲು ಜೋಡಿಸಿದ್ದು ಕಂಡು ಮುಖ ಕಿವಿಚಿದರು.

"ಇದರ ಮ್ಯಾಲ ಮದ್ಲ ನೀ ಜಿಗಿ" ಅಂದರು.

"ನಾ ಯಾಕ ಜಿಗೀಲಿ ಕಾಕಾ?"

"ಮೊಣಕಾಲು ಚುರುಕ್ ಅಂದ್ಮ್ಯಾಲ ಹೇಳು. ಆಮ್ಯಾಲ ಅದನ್ನ ಜಿಗಸೂಣು."

ಅವತ್ತೇ ಕೋಲುಗಳು ಹಿಂದಿನ ಮಣ್ಣಿನ ಬಯಲಿಗೆ ಬಂದವು. ಚಂದ್ರಿಗೆ ಆಗ ಎಂಟು ತುಂಬಿ ಒಂಬತ್ತು ನಡೆಯುತ್ತಿತ್ತು. ಆ ವರ್ಷದ ಸ್ಪರ್ಧೆ ಲಿಂಗಸುಗೂರಿನಲ್ಲಿ ಎಂದು ಗೊತ್ತಾಗಿತ್ತು. ದೊಡ್ಡ ನಾಯಿಗಳಿಗೆ ಇಪ್ಪತ್ನಾಲ್ಕು ಇಂಚಿನ ಕೋಲು. ವಯಸ್ಸಾದ ನಾಯಿಗೆ ಬೇಕಾದಷ್ಟು ಇಳಿಸಿಕೊಳ್ಳಬಹುದು, ಆದರೆ ಅವುಗಳ ಗುಂಪು ಬೇರೆ, ಗೆದ್ದವರಿಗೆ ಕೊಡುವ ದೊಡ್ಡ ಕಪ್ಪು ಅವುಗಳಿಗಿಲ್ಲ. ನನಗೆ ಆ ಕಪ್ಪು ಬೇಕಾಗಿತ್ತು. ಹಿಂದೆ ಎರಡು ಸಲ ಕೈಗೆ ಬಂದದ್ದು ಜಾರಿಹೋಗಿತ್ತು. ಆದರೆ ಆ ಚಳಿಗಾಲದಲ್ಲಿ ಚಂದ್ರಿ ಎರಡು ಸಲ ಕುಂಟಿದ್ದಳು. ಮುಂದಿನ ಎಡಗಾಲು. ಓಣಿಯವರೆಲ್ಲ "ಇನ್ನ ಸಾಕ್ ಮಾಡವಾ, ಕಟ್ಟಿಹಾಕು" ಎನ್ನತೊಡಗಿದರು. ಕೋಲು ಕಂಡರೆ ಮೈಯೆಲ್ಲ ನಡುಗಿಸಿ ಕುಣಿಯುವ ಪ್ರಾಣಿಯನ್ನು ಕಟ್ಟಿಹಾಕುವುದು ಹೇಗೆ? ಜಿಗಿಸಿದರೆ ಕಾಲು ಹೋಗುತ್ತದೆ, ಬಿಡಿಸಿದರೆ ಜೀವವೇ ಮಂಕಾಗುತ್ತದೆ.

ನಾನು ಟೇಪಿನವಳು. ನನ್ನ ನಂಬಿಕೆಯೆಲ್ಲ ಟೇಪಿನ ಮೇಲೆ. ಚಂದ್ರಿಯನ್ನು ಗೋಡೆಗೆ ನಿಲ್ಲಿಸಿ ಹೆಗಲಿನ ಎತ್ತರ ಅಳೆದೆ. ಮೂರು ವರ್ಷದವಳಿದ್ದಾಗ ಎಷ್ಟಿತ್ತೋ ಅಷ್ಟೇ, ಒಂದು ನೂಲು ಹೆಚ್ಚುಕಡಿಮೆ ಇಲ್ಲ. ಅದನ್ನು ಹಿಡಿದು ಕಾಕಾ ಎದುರು ವಾದಕ್ಕೆ ನಿಂತೆ.

"ಅಳತಿ ಬದಲಾಗಿಲ್ಲ ರೀ ಕಾಕಾ. ಇಪ್ಪತ್ನಾಕ ಇರ್ಲಿ."

"ಎತ್ತರ ಬದಲಾಗಂಗಿಲ್ಲ ಬೇ. ಇಳಿಯೂದು ಬದಲಾಗ್ತೈತಿ. ನಿನ್ನ ಟೇಪಿಗೆ ಇಳಿಯೂದು ಹೆಂಗ ಗೊತ್ತಾಗಬೇಕು?"

ಅಷ್ಟು ಹೇಳಿ ಮಿಲ್ಲಿನ ಬಾಯ್ಲರ್ ಕಡೆಗೆ ಹೋಗಿ ಹೊಟ್ಟು ಸುಟ್ಟ ಬೂದಿಯನ್ನು ಎರಡು ಬುಟ್ಟಿ ತಂದರು. ಕೋಲಿನ ಆಚೆ, ನಾಯಿ ಇಳಿಯುವ ಜಾಗದಲ್ಲಿ ಎರಡು ಬೆರಳು ದಪ್ಪ ಹರವಿ, ಧೂಳು ಏಳದ ಹಾಗೆ ನೀರು ಚಿಮುಕಿಸಿ, ಅಂಗೈಯಿಂದ ಸವರಿ ನುಣುಪು ಮಾಡಿದರು. ಇಪ್ಪತ್ನಾಲ್ಕಕ್ಕೆ ಕೋಲಿಟ್ಟು ಚಂದ್ರಿಯನ್ನು ಬಿಟ್ಟೆವು. ಅವಳು ಹಾರಿದ್ದು ಚೆನ್ನಾಗಿಯೇ ಇತ್ತು, ನಾನು ಚಪ್ಪಾಳೆಯನ್ನೂ ತಟ್ಟಿದೆ. ಕಾಕಾ ಬೋರಲು ಮಲಗಿದರು. ನೀರಿನ ಬಾಟಲಿ ಹಿಡಿದು ನಾನು ಓಡಿದ್ದು ಆಗಲೇ.

ಬಹಳ ಹೊತ್ತು ನೋಡಿ ಎದ್ದು ಕೂತು ಬೆರಳಿನಿಂದ ತೋರಿಸಿದರು. ಬಲಗಾಲಿನ ಗುರುತು ಆಳಕ್ಕೆ ಇಳಿದು ಹಿಂದೆ ಜಾರಿದ ಗೀರು ಬಿದ್ದಿತ್ತು. ಎಡಗಾಲಿನದು ಮುಟ್ಟಿಯೂ ಮುಟ್ಟದ ಹಾಗೆ ತೆಳ್ಳಗಿತ್ತು. "ನೋಡು, ಎಡಗಾಲು ಉಳಿಸಿಕೊಳ್ಳಾಕತ್ತಾಳ. ಭಾರೆಲ್ಲ ಬಲಗಾಲಿಗೆ. ಇವತ್ತ ಎಡಗಾಲು ನೋವು, ನಾಳೆ ಬಲಗಾಲೂ ಹೋಗ್ತೈತಿ." ಇಪ್ಪತ್ತಕ್ಕೆ ಇಳಿಸಿದೆವು. ಗೀರು ಸಣ್ಣದಾಯಿತು, ಹೋಗಲಿಲ್ಲ. ಹದಿನೆಂಟಕ್ಕೂ ಒಂದು ಕಾಲು ಹೆಚ್ಚು, ಒಂದು ಕಮ್ಮಿ. ಹದಿನಾರಕ್ಕೆ ಬಂದಾಗ ಎರಡೂ ಮುಂಗಾಲು ಒಂದೇ ಆಳಕ್ಕೆ, ಅಚ್ಚೊತ್ತಿದ ಹಾಗೆ ಕೂತಿದ್ದವು.

"ಹದಿನಾರು" ಅಂದರು ಕಾಕಾ.

"ಇಪ್ಪತ್ತು ಮಾಡ್ರಿ ಕಾಕಾ."

"ಇದೇನ್ ಸೀರಿ ಅಂಗಡೀನ, ಚೌಕಾಶಿ ಮಾಡಾಕ?"

ನನ್ನ ಮುಖ ಬಾಡಿದ್ದು ಅವರಿಗೂ ಕಂಡಿರಬೇಕು. ವಾಪಸು ಬರುವಾಗ ಟಂಟಂನಲ್ಲಿ ಮೆತ್ತಗೆ ಮಾತು ತೆಗೆದರು. "ನಿನ್ನ ಅಂಗಡಿಗೆ ವಯಸ್ಸಾದ ಹೆಣ್ಮಕ್ಕಳು ಬರ್ತಾರಲ್ಲ, ತೋಳು ಹೆಂಗ ಹೊಲಿತಿ?"

"ಜರಾ ಸಡಿಲ ಬಿಡ್ತೀನಿ ರೀ. ಕೈ ಎತ್ತಾಕ ಬರಬೇಕಲ್ಲ."

"ಸಡಿಲ ಬಿಡು ಅಂತ ಅವ್ರು ಹೇಳ್ತಾರೇನು?"

"ಎಲ್ಲಿ ಹೇಳ್ತಾರ. ಮದಿವಿ ಆದಾಗಿನ ಅಳತೀಗೇ ಹೊಲಿ ಅಂತಾರ. ನಾ ಹೇಳದಂಗ ಬಿಟ್ಟಿರ್ತೀನಿ."

"ಹಂಗಾರ ಇಕಿಗೂ ಹೇಳದಂಗ ಬಿಡು" ಅಂದು ಚಂದ್ರಿಯ ಬೆನ್ನು ತಟ್ಟಿದರು. ನನಗೆ ನಗೆಯೂ ಬಂತು, ಸಿಟ್ಟೂ ಬಂತು.

ಅವರ ಇನ್ನೊಂದು ಕಟ್ಟಳೆ ಇತ್ತು. ಜಿಗಿತ ಕಾಲಿಗೆ ಒಗ್ಗಿತೋ ಇಲ್ಲವೋ ಎಂಬ ತೀರ್ಪನ್ನು ಅದೇ ದಿನ ಕೊಡುತ್ತಿರಲಿಲ್ಲ. "ಮರುದಿನ ಮುಂಜಾನಿ ನೋಡಿ ಹೇಳ್ತೀನಿ" ಎನ್ನುವರು. ಸೋಮವಾರ ನಾನು ಚಹಾಕ್ಕೆ ಇಡುವ ಮೊದಲೇ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಚಂದ್ರಿ ಗೋಣಿಚೀಲದ ಮೇಲಿಂದ ಏಳುವುದನ್ನು ಕಾಯುವುದೇ ಅವರ ಕೆಲಸ. ಯಾವ ಕಾಲು ಮೊದಲು ಊರಿದಳು, ಮೈ ಮುರಿದಳೋ ಇಲ್ಲವೋ, ಮೆಟ್ಟಿಲು ಇಳಿಯುವಾಗ ಅನುಮಾನ ಮಾಡಿದಳೋ. ಎಲ್ಲ ಸರಿಯಿದ್ದರೆ "ಪಾಸ್" ಎಂದು ಒಂದೇ ಮಾತು. ಆಮೇಲೆಯೇ ಚಹಾ.

ಸ್ಪರ್ಧೆಯ ದಿನ ಲಿಂಗಸುಗೂರಿನ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಕು ಒಂದೇ ಸಮ ಅರಚುತ್ತಿತ್ತು, ಎಲ್ಲ ಕಡೆ ಬೊಗಳಾಟ, ಮಂಡಕ್ಕಿ ಮಿರ್ಚಿಯ ವಾಸನೆ. ಚಂದ್ರಿಯಂತೂ ಹಗ್ಗ ಜಗ್ಗಿ ಜಗ್ಗಿ ನನ್ನ ಅಂಗೈ ಕೆಂಪು ಮಾಡಿದ್ದಳು. ಹಿರಿಯ ನಾಯಿಗಳ ಗುಂಪಿನಲ್ಲಿ, ಹದಿನಾರು ಇಂಚಿಗೆ ಹೆಸರು ಬರೆಸಿಯಾಗಿತ್ತು. ಅಷ್ಟರಲ್ಲಿ ದಢೇಸುಗೂರಿನ ರೈತರೊಬ್ಬರು ತಮ್ಮ ಎರಡು ವರ್ಷದ ನಾಯಿಯನ್ನು ಹಿಡಿದುಕೊಂಡು ಎದುರಾದರು. ಕಪ್ಪು ಎರಡು ಸಲವೂ ಅವರ ಮನೆಗೇ ಹೋಗಿತ್ತು.

"ಏನಕ್ಕಾ, ಕೋಲು ಇಳಿಸೀರಂತ? ಚಂದ್ರಿ ಮುದುಕಿ ಆದ್ಲೇನು?" ಅಂದರು. ತಮಾಷೆಗೇ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ನೆಟ್ಟಗೆ ಹೆಸರು ಬರೆಯುವ ಮೇಜಿನ ಹತ್ತಿರ ಹೋಗಿ, "ಇಪ್ಪತ್ನಾಲ್ಕಕ್ಕೆ ಬದಲಿ ಮಾಡ್ರಿ" ಎಂದೆ. ಮೇಜಿನವರು ಪೆನ್ನು ಎತ್ತಿದರು.

ಕಾಕಾ ನನ್ನ ಹಿಂದೆಯೇ ಬಂದಿದ್ದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಚೀಲ ಬಿಚ್ಚಿದರು. ಒಳಗೆ ಬೂದಿ. ಮಸ್ಕಿಯಿಂದ ಲಿಂಗಸುಗೂರಿನ ತನಕ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

"ಬರಸು. ಬ್ಯಾಡನ್ನಾಂವ ನಾ ಯಾರು? ಬರಸೂಕಿಂತ ಮದ್ಲ ಒಮ್ಮಿ ಜಿಗಸು. ಈ ಸಲ ನಾ ನೋಡಂಗಿಲ್ಲ. ನೀನ ನೋಡು."

ಅಭ್ಯಾಸಕ್ಕೆಂದು ಬದಿಯಲ್ಲಿ ಇಟ್ಟಿದ್ದ ಕೋಲನ್ನು ಇಪ್ಪತ್ನಾಲ್ಕಕ್ಕೆ ಏರಿಸಿ, ಆಚೆ ಬೂದಿ ಹರವಿದೆವು. ಚಂದ್ರಿ ಒಂದೇ ನೆಗೆತಕ್ಕೆ ಹಾರಿದಳು, ಕೋಲು ಅಲುಗಲಿಲ್ಲ. ಸುತ್ತಲಿದ್ದವರು ಹೋ ಎಂದರು. ನಾನು ಉಟ್ಟದ್ದು ಇಳಕಲ್ ಸೀರೆ, ಹಬ್ಬಕ್ಕೆಂದು ತೆಗೆದಿಟ್ಟದ್ದು. ಅಷ್ಟು ಜನರ ನಡುವೆ ಆ ಸೀರೆಯಲ್ಲೇ ನೆಲದ ಮೇಲೆ ಬೋರಲು ಮಲಗಿದೆ. ಕೆನ್ನೆಯನ್ನು ಬೂದಿಗೆ ಒತ್ತಿ ಒಂದು ಕಣ್ಣು ಮುಚ್ಚಿದೆ. ಮೇಲಿನಿಂದ ನೋಡಿದರೆ ಬರೀ ಗುರುತು, ನೆಲಕ್ಕೆ ಕಣ್ಣಿಟ್ಟರೆ ಅದೊಂದು ಹಳ್ಳ. ಬಲಗಾಲಿನ ಹಳ್ಳ ಗೇಣುದ್ದ ಜಾರಿತ್ತು, ಎಡಗಾಲಿನದು ಬರೀ ಉಗುರಿನ ಮೂರು ಚುಕ್ಕೆ. ತಲೆ ಎತ್ತಿದರೆ ಚಂದ್ರಿ ನನ್ನ ಮುಂದೆಯೇ ನಿಂತು ಬಾಲ ಅಲ್ಲಾಡಿಸುತ್ತಿದ್ದಳು, ಆ ಎಡಗಾಲನ್ನು ತುಸು ಎತ್ತಿ ಹಿಡಿದಿದ್ದಳು. ಇನ್ನೊಮ್ಮೆ ಎಂದರೆ ಇನ್ನೊಮ್ಮೆಯೂ ಹಾರುತ್ತಿದ್ದಳು. ನಾನು ಹೇಳಿದ್ದಕ್ಕೆ ಅವಳು ಯಾವತ್ತೂ ಒಲ್ಲೆ ಅಂದವಳಲ್ಲ. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು.

ಎದ್ದು ಮೇಜಿಗೆ ಹೋಗಿ, "ಮದ್ಲ ಬರಸಿದ್ದ ಇರ್ಲಿ ರೀ, ಹದಿನಾರು" ಎಂದೆ. ಕಾಕಾ ಧೋತರದ ತುದಿಯಿಂದ ನನ್ನ ಕೆನ್ನೆ ಒರೆಸಲು ಬಂದು, ಏನೋ ಹೊಳೆದು, ಹಾಗೆಯೇ ಬಿಟ್ಟರು.

ಆ ಓಟವನ್ನು ಹೇಗೆ ಹೇಳಲಿ. ಸೀಟಿ ಊದಿದ್ದೇ ತಡ ಚಂದ್ರಿ ಬಿಟ್ಟ ಬಾಣವಾದಳು. ಮೊದಲ ಕೋಲು, ಎರಡನೆಯದು, ಡ್ರಮ್ಮಿನ ಒಳಗೆ ಮಾಯ, ಆಚೆ ಪ್ರತ್ಯಕ್ಷ. ಗೂಟಗಳ ನಡುವೆ ಅವಳ ಬೆನ್ನು ಹೊರಳುವಾಗ ನನಗೆ ಎಡ ಯಾವುದು ಬಲ ಯಾವುದು ತಿಳಿಯದಾಯಿತು. ಕೋಲುಗಳನ್ನು ಹಾರಿದಳೆನ್ನುವುದಕ್ಕಿಂತ ಓಟದಲ್ಲಿಯೇ ಮೇಲೆ ಸವರಿಕೊಂಡು ಹೋದಳು. ಇಳಿದಾಗ ತಡೆಯಿಲ್ಲ, ಮುಗ್ಗರಿಕೆಯಿಲ್ಲ, ಅದೇ ವೇಗ. ಐದು ವರ್ಷದ ಹಿಂದಿನ ಚಂದ್ರಿ. ಎಂದೂ ದನಿ ಎತ್ತದ ಕಾಕಾ ಟವೆಲ್ ಬೀಸುತ್ತ "ಹೊಡಿ, ಹೊಡಿ, ಹೊಡಿ" ಎಂದು ಕೂಗುತ್ತಿದ್ದದ್ದು ಮೈಕಿಗಿಂತ ಜೋರಾಗಿ ಕೇಳುತ್ತಿತ್ತು. ಕೊನೆಯ ಕೋಲು ದಾಟಿದಾಗ ಒಂದೂ ಬಿದ್ದಿರಲಿಲ್ಲ. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನ್ನ ಕೈ ತಪ್ಪಿಸಿಕೊಂಡು, ಯಾರೂ ಹೇಳದೆ, ಮೊದಲಿನಿಂದ ಇಡೀ ಸುತ್ತು ತಾನೇ ಇನ್ನೊಮ್ಮೆ ಓಡಿದಳು. ಮೈದಾನವೆಲ್ಲ ನಕ್ಕು ನಕ್ಕು ಸಾಕಾಯಿತು. ದಢೇಸುಗೂರಿನವರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತಿದ್ದರು.

ಓಟ ಮುಗಿದ ಮೇಲೆ ಕರೆದರೆ ಬರಬೇಕೆಂಬುದು ನಿಯಮ. ಬರಲಿಲ್ಲವಾದ್ದರಿಂದ ಚಂದ್ರಿಯ ಹೆಸರು ಹೊಡೆದು ಹಾಕಿದರು. ದೊಡ್ಡ ಕಪ್ಪಂತೂ ಇರಲಿಲ್ಲ, ಸಣ್ಣದೂ ಬರಲಿಲ್ಲ. ನನಗೆ ಅದು ಬಸ್ಸು ಹತ್ತಿದ ಮೇಲೆ ನೆನಪಾಯಿತು. ಮರುದಿನ ಕಾಕಾ ಎಂದಿನಂತೆ ಮೆಟ್ಟಿಲ ಮೇಲೆ ಬಂದು ಕೂತರು. ಚಂದ್ರಿ ಎದ್ದು, ಎರಡೂ ಮುಂಗಾಲು ಉದ್ದಕ್ಕೆ ಚಾಚಿ ಮೈ ಮುರಿದು, ಮೆಟ್ಟಿಲನ್ನು ಲೆಕ್ಕಿಸದೆ ಇಳಿದು ಬೀದಿಗೆ ಹೋದಳು. "ಪಾಸ್" ಅಂದರು ಕಾಕಾ. ನಾನು ಚಹಾಕ್ಕೆ ಇಟ್ಟೆ.

ಆಮೇಲಿನ ವರ್ಷಗಳಲ್ಲಿ ಕೋಲು ಹನ್ನೆರಡಕ್ಕೆ ಬಂತು, ಎಂಟಕ್ಕೆ ಬಂತು. ಚಂದ್ರಿ ಜಿಗಿಯುವುದನ್ನು ಬಿಡಲೇ ಇಲ್ಲ. ಆದರೆ ಕಾಕಾ ಬರುವುದು ಅಪರೂಪವಾಗತೊಡಗಿತು. ಅವರ ಮೊಣಕಾಲು ಕೈಕೊಟ್ಟಿತ್ತು. ಒಂದು ಮುಂಜಾನೆ ಒಳಗಿನಿಂದ ನೋಡಿದೆ. ಅವರು ಬಂದು ನನ್ನ ಮೊದಲ ಮೆಟ್ಟಿಲ ಮುಂದೆ ನಿಂತು, ಬಲಗಾಲು ಎತ್ತಿ, ಇಳಿಸಿ, ಯಾರೂ ತಮ್ಮನ್ನು ನೋಡಲಿಲ್ಲವೆಂದುಕೊಂಡು ವಾಪಸು ಹೋದರು. ಆ ವಾರವೇ ಗೌಂಡಿಯನ್ನು ಕರೆಸಿ ಮೂರು ಮೆಟ್ಟಿಲು ಒಡೆಸಿ ಐದು ಮಾಡಿಸಿದೆ. ಕಾಕಾಗೆ ಹೇಳಲಿಲ್ಲ. ಚಂದ್ರಿಗೆ ಮೈ ಸರಿಯಿಲ್ಲ, ಬಂದು ನೋಡಿ ಎಂದು ಹೇಳಿ ಕಳಿಸಿದೆ.

ಬಂದರು. ಹೊಸ ಸಿಮೆಂಟಿನ ಮೇಲೆ ಕಣ್ಣಾಡಿಸಿ ನಿಧಾನ ಹತ್ತಿದರು. ಮೇಲೆ ಕೂತು ಉಸಿರು ಸುಧಾರಿಸಿಕೊಂಡು ನನ್ನ ಮುಖ ನೋಡಿದರು.

"ಎಷ್ಟು ಇಳಿಸೀ ಬೇ?"

"ನನಗ ಗೊತ್ತಿಲ್ಲ ರೀ. ಹೇಳದಂಗ ಬಿಟ್ಟೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಮೊಣಕಾಲು ತಿಕ್ಕುತ್ತ, "ಐದು ಸಾಲಂಗಿಲ್ಲ. ಆರು ಮಾಡು" ಅಂದರು.

"ಇದೇನ್ ಸೀರಿ ಅಂಗಡಿ ಏನ್ರಿ ಕಾಕಾ? ಐದಕ್ಕ ಮುಗಸ್ರಿ."

"ಆರು" ಅಂದರು.

ಸೋಮವಾರ ಬರಲು ಗೌಂಡಿಗೆ ಹೇಳಿದೆ. ಕಾಕಾ ಶನಿವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಣ್ಣು ಕೊಟ್ಟು ಬಂದ ಮರುದಿನ ಗೌಂಡಿ ಬಾಗಿಲಲ್ಲಿ ನಿಂತು, "ಇನ್ನ ಯಾರಿಗೆ ಬೇಕ್ರಿ ಅಕ್ಕಾರ, ಇರ್ಲಿ ಬಿಡ್ರಿ" ಎಂದ. ಆರು ಮಾಡು ಎಂದೆ. ಮಾಡಿದ. ಚಂದ್ರಿಗೆ ಈಗ ಹದಿಮೂರು ನಡೆಯುತ್ತಿದೆ. ದಿನಾ ಮುಂಜಾನೆ ಚಹಾಕ್ಕೆ ಇಡುವ ಮೊದಲು ನಾನು ಅವರು ಕೂಡುತ್ತಿದ್ದ ಜಾಗದಲ್ಲಿ ಕೂತು ಅವಳು ಏಳುವುದನ್ನು ಕಾಯುತ್ತೇನೆ. ಅವಳು ಎದ್ದು, ಮೈ ಮುರಿದು, ಆರೂ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬೀದಿಗೆ ಹೋದ ಮೇಲೆ, "ಪಾಸ್" ಎಂದು ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಒಳಗೆ ಹೋಗುತ್ತೇನೆ.