ಲಕ್ಕಿ ಗಿಡಕ್ಕೆ ಹೇಳಿದ ಹೆಸರು

ಸುರೇಬಾನದಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತ ಇದನ್ನು ಬರೆದುಕೊಳ್ಳುತ್ತಿದ್ದೇನೆ.

ತನ್ನ ನಾಲ್ಕು ವರ್ಷದ ಮಗಳು ಸಾನ್ವಿ ತೀರಿಕೊಂಡಾಗಿನಿಂದ ನನ್ನ ತಂಗಿ ಶೈಲಾಗೆ ನಿದ್ದೆಯಿಲ್ಲ, ಮಾತಿಲ್ಲ. ಡಾಕ್ಟರರ ಗುಳಿಗೆ ನಡೆದಿದೆ. ಜೊತೆಗೆ ಇದೂ ಇರಲೆಂದು ಇಲ್ಲಿ ನಾಟಿ ಮದ್ದು ಕೊಡುವ ನೀಲವ್ವಜ್ಜಿಯ ಬಳಿ ಕರೆತಂದಿದ್ದೆ.

"ಗುಳಿಗಿ ಬಿಡಬ್ಯಾಡ್ರಿ ಮತ್ತ," ಎಂದು ಮೊದಲೇ ಹೇಳಿದ ಅಜ್ಜಿ, ಹಿತ್ತಲಿನ ಎಳೆಯ ಲಕ್ಕಿ ಗಿಡಕ್ಕೆ ಅರಿಷಿಣ ಕುಂಕುಮ ಏರಿಸಿದಳು. ದಿಂಬಿನಡಿ ಈ ಎಲೆ ಇಟ್ಟರೆ ನಿದ್ದೆ ಬರುತ್ತದಂತೆ. ಆದರೆ ಕೀಳುವ ಮೊದಲು, ನಿದ್ದೆ ಬೇಕಾದವರೇ ಗಿಡಕ್ಕೆ ತಮ್ಮ ಹೆಸರು ಹೇಳಿ ಬೇಡಿಕೊಳ್ಳಬೇಕು.

"ಗಿಡಕ್ಕ ಕೇಳಸ್ತದೇನ್ರಿ, ಅಜ್ಜಿ?" ಎಂದೆ, ಶೈಲಾ ನಕ್ಕಾಳೇನೋ ಎಂದು.

"ನಿಮಗಿಂತ ಚೊಲೋ ಕೇಳಸ್ತೈತಿ. ಸುಮ್ಮನ ಕುಂಡ್ರಿ."

ಶೈಲಾ ಗಿಡದತ್ತ ಬಾಗಿದಳು. "ಸಾನ್ವಿ," ಎಂದಳು.

ಅಜ್ಜಿ ಚಾಚಿದ್ದ ಕೈ ಹಿಂತೆಗೆದಳು. "ಹೋದವರ ಹೆಸರಿಗೆ ಎಲಿ ಹರಿಯಾಂಗಿಲ್ಲವ್ವಾ. ನಿನ್ನ ಹೆಸರ ಹೇಳು."

"ಸಾನ್ವಿ."

ಅಜ್ಜಿ ಎಲೆ ಕೀಳಲಿಲ್ಲ, ಗದರಲೂ ಇಲ್ಲ. ನೀರಿನ ತಂಬಿಗೆಯನ್ನು ಅವಳ ಕೈಗಿಟ್ಟಳು. "ಇವತ್ತ ನೀರಷ್ಟ ಹಾಕಿ ಹೋಗು. ಇನ್ನೊಮ್ಮೆ ಬಾ."

ಶೈಲಾ ಬುಡಕ್ಕೆ ಹಾಕಲಿಲ್ಲ. ಎಳೆ ತುದಿಯ ಮೇಲೆ ನಿಧಾನವಾಗಿ ಎರೆದಳು, ಮಗುವಿನ ಕಣ್ಣಿಗೆ ನೀರಿಳಿಯದಂತೆ ಹಣೆಗೆ ಹಿಡಿಯುವ ಹಾಗೆ ಇನ್ನೊಂದು ಅಂಗೈಯನ್ನು ಅಡ್ಡ ಹಿಡಿದು.