ಲಾಯದ ಕಾಕಾನ ನಾಡಿ

ಹೋದ ತಿಂಗಳು ಬೈಲಹೊಂಗಲದಲ್ಲಿ ಪರಿಚಯದವರ ಮನೆಯ ಮದುವೆ. ಮೆರವಣಿಗೆಗೆಂದು ತಂದ ಕುದುರೆ ನನ್ನ ಕುರ್ಚಿಯ ಪಕ್ಕಕ್ಕೇ ಬಂದು ನಿಂತಿತು. ಬಿಸಿಲಿಗೆ ಬೆವೆತ ಅದರ ಮೈಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸುಮಾರು ಐವತ್ತು ವರ್ಷದ ಹಳೆಯ ಸಿಟ್ಟು ಅದು...

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಮದುರ್ಗದ ಕಡೆಯ ಒಂದು ಸಣ್ಣ ಧರ್ಮಾರ್ಥ ದವಾಖಾನೆಯಲ್ಲಿ ನಾವು ಒಂಬತ್ತು ಹುಡುಗಿಯರು ನರ್ಸ್ ಕೆಲಸ ಕಲಿಯುತ್ತಿದ್ದೆವು. ನಾನು ಮುನವಳ್ಳಿಯವಳು. ನಾನು ಸಣ್ಣವಳಿದ್ದಾಗಲೇ ಅಪ್ಪ ಬೌದ್ಧ ಧರ್ಮಕ್ಕೆ ಸೇರಿ, ಗೋಡೆಯ ಮೇಲೆ ಬುದ್ಧನ ಪಟ ತೂಗುಹಾಕಿದ್ದ. ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ ಎಂಬ ಸೊಕ್ಕು ನನಗೂ ಇತ್ತು.

ಗಂಡಸರ ವಾರ್ಡಿನ ಮೂಲೆಯ ಕಾಟಿನಲ್ಲಿ ಅವನಿದ್ದ. ಸಂಸ್ಥಾನದ ಕಾಲದಲ್ಲಿ ಕುದುರೆ ಲಾಯದ ಉಸ್ತುವಾರಿ ನೋಡಿಕೊಂಡಿದ್ದವನು; ಎಲ್ಲರೂ ಲಾಯದ ಕಾಕಾ ಅನ್ನುತ್ತಿದ್ದರು. ಕಾಲಿನ ಹುಣ್ಣು ಮಾಯದೆ ತಿಂಗಳುಗಟ್ಟಲೆ ಬಿದ್ದುಕೊಂಡಿದ್ದ. ಕುದುರೆಗೆ ಹೊದಿಸುತ್ತಿದ್ದ ಒಂದು ಹಳೆಯ ಕಂಬಳಿಯನ್ನು ಮನೆಯಿಂದ ತರಿಸಿಕೊಂಡಿದ್ದ, ಒಗೆಯಲು ಕೊಡುತ್ತಿರಲಿಲ್ಲ. ಮಲೇರಿಯಾ ಬಂದು ಬಂದು ಅವನ ಗುಲ್ಮ, ಡಾಕ್ಟರರು ಸ್ಪ್ಲೀನ್ ಅನ್ನುವ ಅಂಗ, ಬಾತು, ಎಡಪಕ್ಕೆಲುಬಿನ ಕೆಳಗೆ ಕೈಗೆ ಸಿಗುವಷ್ಟು ದೊಡ್ಡದಾಗಿತ್ತು. ಹಾಗಾಗಿ ನಮಗೆ ಕಲಿಸುತ್ತಿದ್ದ ಅಕ್ಕೋರು ಹೊಟ್ಟೆ ಮುಟ್ಟಿ ನೋಡುವ ಪಾಠಕ್ಕೆ ನಮ್ಮನ್ನು ಅವನ ಕಾಟಿಗೇ ಕರೆದೊಯ್ಯುತ್ತಿದ್ದರು.

ಅವನು ಎಲ್ಲರಿಗೂ ಬೈಯುತ್ತಿದ್ದ. ಕೈ ತಣ್ಣಗಿದೆ ಎಂದು ಒಬ್ಬಳನ್ನು, ಉಗುರು ಬೆಳೆಸಿದ್ದಾಳೆಂದು ಇನ್ನೊಬ್ಬಳನ್ನು. ಆದರೆ ಹೊಟ್ಟೆ ನೋಡುವುದು ಅವನಿಗೆ ಗೊತ್ತಿತ್ತು, ಸುಳ್ಳೇಕೆ ಹೇಳಲಿ. ಹೊಟ್ಟೆನೋವಿನ ಕುದುರೆಗಳನ್ನು ಮುಟ್ಟಿ ಮುಟ್ಟಿ ಕಲಿತವನು. ಸಂಪಗಾಂವದ ಹುಡುಗಿ ಬೆರಳನ್ನು ಜೋರಾಗಿ ಒತ್ತಿದಾಗ ಅವಳ ಕೈ ಹಿಡಿದು ನಿಲ್ಲಿಸಿದ.

"ಒತ್ತಬ್ಯಾಡ. ಕೈ ಇಟ್ಟು ಕಾಯಿ. ನಾ ಉಸಿರು ಎಳಕೊಂಡಾಗ ಅದ ತಾನ ಬಂದು ನಿನ್ನ ಬೆರಳಿಗೆ ಬಡೀತೈತಿ."

ಅಕ್ಕೋರೂ ಅಷ್ಟು ಚಂದ ಹೇಳಿಕೊಟ್ಟಿರಲಿಲ್ಲ.

ಮುಂದೆ ನನ್ನ ಪಾಳಿ. ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡು, ಅವನು ಹೇಳಿದ ಹಾಗೆಯೇ ಇಟ್ಟು ಕಾದೆ. ಉಸಿರು ಎಳೆದಾಗ ಗಟ್ಟಿ ಅಂಚೊಂದು ಬಂದು ಬೆರಳಿಗೆ ತಾಗಿತು! ಖುಷಿಯಿಂದ ಮುಖ ಎತ್ತಿದೆ. ಅವನು ಕೇಳಿದ:

"ಯಾರ ಪೈಕಿ ನೀ?"

ಹೇಳಿದೆ. ಅವನು ಕಾಟಿನ ಪಕ್ಕದ ತಂಬಿಗೆ ಎತ್ತಿ, ಎಲ್ಲರೆದುರು ಹೊಟ್ಟೆಯ ಮೇಲೆ ನೀರು ಸುರುವಿಕೊಂಡ. ಹಾಸಿಗೆಯೆಲ್ಲ ತೊಯ್ದಿತು. ಹೊರಗೆ ಬಂದಮೇಲೆ ಅಕ್ಕೋರು, "ಹೋಗ್ಲಿ ಬಿಡವಾ, ಹಳೇ ಕಾಲದ ಮನಷ್ಯಾ," ಅಂದರು. ಆ ತೊಯ್ದ ಹಾಸಿಗೆ ಬದಲಿಸಿದ್ದೂ ನಾನೇ.

ಅಂದಿನಿಂದ ನಮ್ಮಿಬ್ಬರ ನಡುವೆ ಹಗೆ ಬೆಳೆಯಿತು. ನಾಡಿ ನೋಡಲು ಹೋದರೆ ಅವನು ಮಣಿಕಟ್ಟಿನ ಮೇಲೆ ವಸ್ತ್ರ ಹಾಕಿಕೊಳ್ಳುತ್ತಿದ್ದ. ಬಟ್ಟೆಯ ಮೇಲಿಂದ ಏನು ಸಿಗಬೇಕು? ಒಂದೆರಡು ದಿನ ಹೆಣಗಿದೆ. ಆಮೇಲೆ ಹತ್ತಿರ ಹೋಗುವುದನ್ನೇ ಬಿಟ್ಟೆ. ನಿನ್ನೆಯ ಅಂಕಿಯನ್ನೇ ಇವತ್ತಿಗೂ ಬರೆದೆ: ನಾಡಿ ಎಂಬತ್ತೆರಡು. ಅವನ ಚಹಾ ಬೇಕಂತಲೇ ಆರಿಸಿ ಕೊಟ್ಟೆ. ಅವನು ನನ್ನನ್ನು ಕಂಡರೆ ಗೋಡೆಯ ಕಡೆ ತಿರುಗುತ್ತಿದ್ದ, ನಾನು ಕಿಟಕಿಯ ಕಡೆ...

ಒಂದು ಬೆಳಿಗ್ಗೆ, ಹತ್ತರ ಸುಮಾರಿಗೆ, ಚಾರ್ಟ್ ಹಿಡಿದು ಅವನ ಕಾಟಿನ ಮುಂದೆ ನಿಂತೆ. ಅವನು ಗೋಡೆಯ ಕಡೆ ತಿರುಗಲಿಲ್ಲ. ಮಣಿಕಟ್ಟಿನ ಮೇಲೆ ವಸ್ತ್ರವೂ ಇರಲಿಲ್ಲ. ಬರಿಗೈಯನ್ನು ನನ್ನತ್ತ ಚಾಚಿದ.

"ಬಾ ಇಲ್ಲೆ. ಬಚ್ಚಲದಾಗ ಜಾರಿ ಬಿದ್ದೆ. ಹೊಟ್ಟಿ ಒಂದೀಟ ಕೈ ಹಚ್ಚಿ ನೋಡು."

ತುಟಿ ಬಿಳಿಚಿಕೊಂಡಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು. ಉಸಿರು ಮೇಲೆ ಮೇಲೆ ಆಡುತ್ತಿತ್ತು. ಬಾತ ಗುಲ್ಮಕ್ಕೆ ಪೆಟ್ಟು ಬಿದ್ದರೆ ಒಡೆಯಬಹುದು, ಒಳಗೇ ರಕ್ತ ಸೋರಬಹುದು ಎಂದು ಅಕ್ಕೋರು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲಿತ್ತು. ದೂರದಿಂದಲೇ ನನಗೆ ಎಲ್ಲ ಕಾಣುತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ನಾ ಮುಟ್ಟಿದ್ರ ನೀವು ತೊಳಕೋಬೇಕಾಗತೈತಲ್ರೀ ಕಾಕಾ. ಇವತ್ತ ನಳಕ್ಕ ನೀರ ಬಂದಿಲ್ಲ."

ಅವನು ಬೈಯಲಿಲ್ಲ. ಚಾಚಿದ ಕೈಯನ್ನು ನಿಧಾನಕ್ಕೆ ಎದೆಯ ಮೇಲೆ ಇಟ್ಟುಕೊಂಡ. ನಾನು ಎಂಬತ್ತೆರಡು ಎಂದು ಬರೆದು ಮುಂದಿನ ಕಾಟಿಗೆ ಹೋದೆ.

ಹತ್ತೂವರೆಗೆ ಡಾಕ್ಟರರು ಜೀಪು ತಗೊಂಡು ಸವದತ್ತಿಗೆ ಹೋದರು. ಹನ್ನೊಂದು ದಾಟಿದ ಮೇಲೆ ಸಂಪಗಾಂವದ ಹುಡುಗಿ ವಾರ್ಡಿನಿಂದ ಚೀರಿದಳು. ಅಕ್ಕೋರು ಓಡಿ ಬಂದು ಅವನ ಕೈ ಹಿಡಿದರು, ಕುತ್ತಿಗೆ ಮುಟ್ಟಿದರು. ನಾಡಿ ಸಿಗಲಿಲ್ಲ. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಧಾರವಾಡಕ್ಕೆ ಒಯ್ಯಲು ಬೇರೆ ಗಾಡಿ ಹುಡುಕುವಷ್ಟರಲ್ಲಿ ಎಲ್ಲ ಮುಗಿಯಿತು.

ಅಕ್ಕೋರು ಚಾರ್ಟ್ ನೋಡಿ ನನ್ನನ್ನು ಕರೆದರು.

"ಹತ್ತಕ್ಕ ನೀನ ನೋಡಿದ್ಯಾ?"

"ಹೌದ್ರಿ ಅಕ್ಕೋರ."

"ಕೈ ಹಿಡದು?"

"ಹೌದ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಚಾರ್ಟನ್ನು ಫೈಲಿಗೆ ಸೇರಿಸಿದರು. ಸಂಜೆ ಅವನ ಮಗ ಬಂದು ಹೆಣ ಒಯ್ದ. ಹೋಗುವಾಗ ನಮಗೆಲ್ಲ, ನನಗೂ, ಕೈ ಮುಗಿದು ಹೋದ.

ಆಮೇಲೆ ಕಿತ್ತೂರು, ಸವದತ್ತಿ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದೆ. ಮುಟ್ಟದೆ ಒಂದು ಅಂಕಿಯನ್ನೂ ಬರೆಯಲಿಲ್ಲ. ನನ್ನ ಕೈಗುಣ ದೊಡ್ಡದೆಂದು ಜನ ಹೇಳಿದರೆ ಎದ್ದು ಹೋಗುತ್ತಿದ್ದೆ. ಎಷ್ಟೋ ಹುಡುಗಿಯರಿಗೆ ಹೊಟ್ಟೆ ನೋಡುವುದನ್ನು ಅವನ ಮಾತಿನಲ್ಲೇ ಕಲಿಸಿದೆ. ಯಾರ ಮಾತೆಂದು ಹೇಳಲಿಲ್ಲ. ಅಂದು ಹತ್ತು ಗಂಟೆಗೇ ಕೂಗಿ ಕರೆದಿದ್ದರೆ ಅವನು ಉಳಿಯುತ್ತಿದ್ದನೋ ಏನೋ, ಗೊತ್ತಿಲ್ಲ. ಆ ಹೊತ್ತಿಗೆ ಜೀಪು ಇನ್ನೂ ಬಾಗಿಲಲ್ಲೇ ನಿಂತಿತ್ತು ಎಂಬುದಷ್ಟೇ ಗೊತ್ತು.

ಸತ್ತ ಮಾತ್ರಕ್ಕೆ ಅವನು ಒಳ್ಳೆಯವನಾಗುವುದಿಲ್ಲ. ನಾನು ಅವನನ್ನು ಕ್ಷಮಿಸಿಲ್ಲ. ಅವನು ಬದುಕಿದ್ದರೆ ಒಂದಲ್ಲ ಒಂದು ದಿನ ಎದುರು ನಿಂತು, ಎಲ್ಲರ ಮುಂದೆ ಯಾಕೆ ಹಾಗೆ ಮಾಡಿದಿರಿ ಎಂದು ಜಗಳಾಡುತ್ತಿದ್ದೆ. ಆ ಜಗಳ ನನ್ನ ಹಕ್ಕಾಗಿತ್ತು. ಈಗ ಅಕ್ಕೋರೂ ಇಲ್ಲ, ಆ ದವಾಖಾನೆಯೂ ಇಲ್ಲ. ಅವನು ನನಗೆ ಮಾಡಿದ್ದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಲಿಲ್ಲ. ಹೇಳಲು ಹೊರಟರೆ, ನಾನು ಅವನಿಗೆ ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು.