ನಾಲ್ಕು ಪದಗಳ ತಲೆಬರಹ

ಹೊಸಪೇಟೆಯ ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯಲು ಸೇರಿದಾಗ ನನಗೆ ಹತ್ತೊಂಬತ್ತು ವರ್ಷ. ಪತ್ರಿಕೆ ಎಂದರೆ ನಾಲ್ಕು ಪುಟ, ಕಾಲಿನಿಂದ ತುಳಿಯುವ ಒಂದು ಅಚ್ಚಿನ ಯಂತ್ರ, ಒಬ್ಬ ಸಂಪಾದಕರು, ಅಚ್ಚುಮೊಳೆ ಜೋಡಿಸುವವನೊಬ್ಬ. ಪತ್ರಿಕೆ ಕೆಲಸವನ್ನು ಕಾಲೇಜಿನಲ್ಲಿ ಕಲಿಸುತ್ತಾರೆಂಬುದು ಆಗ ನಮ್ಮ ಕಡೆ ಯಾರ ಕಿವಿಗೂ ಬಿದ್ದಿರಲಿಲ್ಲ. ಅಪ್ಪನಿಗೆ ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಬೇಕೆಂಬ ಆಸೆ. ನಾನೋ, ಮದ್ರಾಸಿನಲ್ಲಿ ಕೂತು ಲೋಕವನ್ನೇ ತಿದ್ದಲು ಹೊರಟವನು. ನನ್ನ ಮೊದಲ ಬರಹ ಓದಿದ ಸಂಪಾದಕರು, "ಲೋಕ ಆಮ್ಯಾಲ ತಿದ್ದೀಯಂತ, ಮೊದಲ ಕಾಗುಣಿತ ತಿದ್ದಿಕೊ," ಎಂದರು.

ಅವರ ಪಾಠದ ರೀತಿಯೇ ಬೇರೆ. ಹಂಪಿ ಬಜಾರಿಗೆ ಹೋಗಿ 'ವೈಭವ' ಎಂಬ ಪದ ಬಳಸದೆ ಒಂದು ಪುಟ ಬರೆದುಕೊಂಡು ಬಾ ಎಂದು ಕಳಿಸಿದರು. ದಾರಿಯಲ್ಲಿ ಕಡ್ಡಿರಾಂಪುರ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿದ್ದ ವಾಕ್ಯಗಳೆಲ್ಲ ಖಾಲಿ. ಕೊನೆಗೆ, ಕಲ್ಲುಮಂಟಪದಲ್ಲಿ ಸಂಸಾರ ಹೂಡಿದ್ದ ಹೆಂಗಸೊಬ್ಬಳು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದುದನ್ನು ಬರೆದೆ. ಅದು ಅವರಿಗೆ ಹಿಡಿಸಿತು. ಇನ್ನೊಮ್ಮೆ, ಸಂಡೂರಿನ ಕಾಡಂಚಿನಲ್ಲಿ ಚಿರತೆ ಹಸು ಹಿಡಿಯಿತೆಂದು ಬಸ್ಸಿನಲ್ಲಿ ಕೇಳಿ, 'ಎಂದು ತಿಳಿದುಬಂದಿದೆ' ಎಂದು ಬರೆದುಕೊಟ್ಟೆ. ಹಾಳೆಯನ್ನು ನನ್ನೆದುರಿಗೇ ಹರಿದರು. "ತಿಳಿದು ಬಂತಾ? ಸುದ್ದಿಗೇನು ಕಾಲದಾವೇನು, ತಾನ ನಡಕೊಂತ ಬರಾಕ? ನೀ ಹೋಗು." ಗೊಣಗುತ್ತಲೇ ಸಂಡೂರಿಗೆ ಹೋದೆ. ಚಿರತೆ ತಿಂದ ಹಸು ಕೊಟ್ಟಿಗೆಯಲ್ಲಿ ನಿಂತು ಹುಲ್ಲು ಮೇಯುತ್ತಿತ್ತು.

ಹೋಗಬೇಕು, ನೋಡಬೇಕು, ಇಬ್ಬರನ್ನಾದರೂ ಕೇಳಬೇಕು. ಇಷ್ಟು ಕಲಿತಿದ್ದೆ. ಹಾಗಾಗಿ ಕಂಪ್ಲಿಯ ಸುದ್ದಿಯಲ್ಲಿ ನಾನು ಒಂದೂ ಸುಳ್ಳು ಬರೆಯಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮಳೆಗಾಲದ ಬೆಳಿಗ್ಗೆ ಕಂಪ್ಲಿಯ ಸೊಸೆಯೊಬ್ಬಳು ನೀರು ತರಲು ನದಿಗೆ ಹೋದವಳು ಪಾಚಿಗಲ್ಲಿನ ಮೇಲೆ ಜಾರಿ ಪ್ರವಾಹಕ್ಕೆ ಸಿಕ್ಕಿದಳು. ಇಪ್ಪತ್ತೆರಡರ ಹರೆಯ, ಅಂಬೆಗಾಲಿಡುವ ಒಬ್ಬ ಮಗಳು. ನಾನು ಬಸ್ಸು ಹತ್ತಿ ಹೋದೆ. ಆ ಕಲ್ಲನ್ನು ಮುಟ್ಟಿ ನೋಡಿದೆ. ಪಕ್ಕದಲ್ಲೇ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಕಣ್ಣಾರೆ ಕಂಡದ್ದನ್ನು ಹೇಳಿದರು. ಕೊಡ ದಡದಲ್ಲೇ ಉಳಿದಿತ್ತು. ಹನ್ನೆರಡು ಸಾಲು ಬರೆದೆ, ಎಲ್ಲವೂ ನಿಜ.

ಆ ವಾರ ಸಂಪಾದಕರಿಗೆ ಚಳಿಜ್ವರ. ಪುಟವನ್ನು ನನಗೇ ಬಿಟ್ಟಿದ್ದರು. 'ನೀರು ತರಲು ಹೋದ ಗೃಹಿಣಿ ಕಲ್ಲಿನ ಮೇಲೆ ಜಾರಿ ನದಿಪಾಲು' ಎಂದು ತಲೆಬರಹ ಕೊಟ್ಟಿದ್ದೆ. ಮೊಳೆ ಜೋಡಿಸುವವನು, "ಉದ್ದ ಆತ್ರೀ, ಅಂಕಣದಾಗ ಕುಂದ್ರಂಗಿಲ್ಲ. ಕತ್ತರಿಸ್ರಿ," ಎಂದ. ಕತ್ತರಿಸಿದೆ: 'ಕಾಲು ಜಾರಿದ ಗೃಹಿಣಿ ನದಿಪಾಲು.' ಅವನು ಅದನ್ನು ಜೋರಾಗಿ ಓದಿ, "ಭಾಳ ಮಸ್ತ್ ಆತ್ ನೋಡ್ರಿ," ಎಂದು ನಕ್ಕ.

ಅವನೇಕೆ ನಕ್ಕನೆಂದು ನನಗೆ ತಿಳಿಯಲಿಲ್ಲ ಎಂದೇ ಆಮೇಲೆ ಎಲ್ಲರಿಗೂ ಹೇಳಿಕೊಂಡು ಬಂದೆ. ತಿಳಿದಿತ್ತು. ಹೆಣ್ಣಿನ ಕಾಲು ಜಾರಿತು ಎಂದರೆ ನಮ್ಮ ಜನಕ್ಕೆ ಪಾಚಿಗಲ್ಲು ನೆನಪಾಗುವುದಿಲ್ಲ, ಅವಳ ನಡತೆ ನೆನಪಾಗುತ್ತದೆ. ಆ ಇನ್ನೊಂದು ಅರ್ಥ ನನ್ನ ಕಿವಿಗೂ ತಾಕಿತ್ತು, ತಾಕಿ ಖುಷಿಯನ್ನೂ ಕೊಟ್ಟಿತ್ತು. ಕೆಳಗೆ ನಿಜ ಇದೆಯಲ್ಲ, ಓದುವವರು ಓದಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕಂಪ್ಲಿಯಲ್ಲಿ ನಮ್ಮ ಪತ್ರಿಕೆಯನ್ನು ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಓದುತ್ತಿದ್ದ, ಹತ್ತಾರು ಜನ ಕೇಳುತ್ತಿದ್ದರು. ಅವನು ದೊಡ್ಡಕ್ಷರಗಳನ್ನು ಮಾತ್ರ ಓದಿ ಪುಟ ತಿರುವುವವನು ಎಂಬುದೂ ನನಗೆ ಗೊತ್ತಿತ್ತು.

ಹತ್ತು ದಿನದ ಮೇಲೆ ಬೆಳಗಿನ ಬಸ್ಸಿಗೆ, ಕಂಪ್ಲಿಯಲ್ಲೇ ಇದ್ದ ಆಕೆಯ ತಾಯಿ ಬಂದರು. ಹಣೆಯ ಮೇಲೆ ವಿಭೂತಿ, ಸೆರಗಿನಲ್ಲಿ ಮಡಿಸಿಟ್ಟ ನಮ್ಮ ಪತ್ರಿಕೆ. "ಕುಂದ್ರಿ ಅವ್ವಾ," ಎಂದರೆ ಕೂರಲಿಲ್ಲ.

"ನೀವ ಏನ್ರಿ ಇದನ್ನ ಬರದಾವ್ರು? ಓದ್ರಿ. ನನಗ ಓದಾಕ ಬರಂಗಿಲ್ಲ. ನಿಮ್ಮ ಬಾಯಿಲೇ ಕೇಳಬೇಕು."

ನಾನು ತಲೆಬರಹ ಹಾರಿಸಿ ಸುದ್ದಿಯನ್ನು ಓದತೊಡಗಿದೆ. ಅವರು ಕೈಯೆತ್ತಿ ತಡೆದರು. "ದೊಡ್ಡಕ್ಷರ ಬಿಟ್ರಿ. ಅದನ್ನ ಓದ್ರಿ."

ಓದಿದೆ. ನಾನೇ ಬರೆದ ನಾಲ್ಕು ಪದಗಳನ್ನು ಒಬ್ಬ ತಾಯಿಯ ಮುಖ ನೋಡಿಕೊಂಡು ಓದಬೇಕಾಯಿತು. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಮಗಳು ಹೋದ್ಳು, ಅದು ಶಿವನ ಇಚ್ಛಾ," ಎಂದರು. "ಆದ್ರ ಅತ್ತಿಮನಿಯವ್ರು ಇದನ್ನ ಹಿಡಕೊಂಡು ಬಂದು, ಕೂಸು ನಮ್ಮದಲ್ಲ ಅಂತ ನನ್ನ ಮಡಿಲಿಗೆ ಹಾಕಿ ಹೋಗ್ಯಾರ. ಆ ಮಾತು ತಗೀರಿ."

"ಅವ್ವಾ, ಅದು ಅಚ್ಚಾಗಿ ಹೋಗೇತ್ರಿ."

"ಹಂಗಾದ್ರ ಮತ್ತ ಅಚ್ಚು ಹಾಕ್ರಿ. ಕೂಸು ಅಪ್ಪನ ಮನಿ ಸೇರ್ಲಿ."

ಸಂಪಾದಕರು ಕಂಬಳಿ ಹೊದ್ದು ಕಚೇರಿಗೆ ಬಂದರು. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. "ಸುಳ್ಳಾಗಿದ್ರ ತಿದ್ದಬಹುದಿತ್ತು," ಎಂದರು. "ಖರೇ ಮಾತನ್ನ ಹೆಂಗ ತಿದ್ದತಿ?" ಮಧ್ಯಾಹ್ನದವರೆಗೂ ಇಬ್ಬರೂ ಕೂತು ಬರೆದೆವು, ಹೊಡೆದು ಹಾಕಿದೆವು. ಆಕೆ ಸುಶೀಲೆ ಎಂದು ಬರೆದರೆ, ಹಾಗೆ ಹೇಳುವ ಅಗತ್ಯ ಯಾಕೆ ಬಂತು ಎಂದು ಕೇಳುತ್ತಾರೆ. ಬರೆಯದಿದ್ದರೆ ತಾಯಿ ಬಾಗಿಲಲ್ಲಿ ನಿಂತಿದ್ದಾರೆ. ಕೊನೆಗೆ, ಆಕೆ ಪಾಚಿಗಲ್ಲಿನಿಂದ ಬಿದ್ದು ತೀರಿಕೊಂಡರು, ಬೇರೆ ಅರ್ಥ ಮಾಡಿಕೊಳ್ಳಬಾರದು ಎಂದು ಮುಂದಿನ ವಾರ ಅಷ್ಟೇ ದೊಡ್ಡಕ್ಷರದಲ್ಲಿ ಹಾಕಿದೆವು. ಅಲ್ಲಿಯವರೆಗೆ ಬೇರೆ ಅರ್ಥ ಹೊಳೆಯದಿದ್ದವರಿಗೂ ಅದರಿಂದ ಹೊಳೆಯಿತು. ಕೂಸನ್ನು ಕರೆದೊಯ್ಯಲು ಯಾರೂ ಬರಲಿಲ್ಲ.

ಅದೇ ತಲೆಬರಹ ನನಗೆ ಕೆಲಸ ಕೊಡಿಸಿತು. ಹೊರಊರಿನ ದೊಡ್ಡ ಪತ್ರಿಕೆಯೊಂದು ಅದನ್ನು ಹಾಗೇ ಎತ್ತಿ ಹಾಕಿಕೊಂಡು, ಕಡಿಮೆ ಮಾತಿನಲ್ಲಿ ಓದುಗರನ್ನು ಹಿಡಿದು ನಿಲ್ಲಿಸುವ ಕೈ ನಿಮ್ಮದು, ಬನ್ನಿ ಎಂದು ಕಾಗದ ಬರೆಯಿತು. ಸಂಪಾದಕರು ಕಾಗದ ಓದಿ, ಮಡಿಸಿ ಹಿಂದಕ್ಕೆ ಕೊಟ್ಟರು. ಹೋಗಬಾರದಿತ್ತು. ಹೋದೆ. ಅಲ್ಲಿ ಮುಂದೆ ಬಂದೆ, ಹೊಸಬರಿಗೆ ನಾನೂ ಪಾಠ ಹೇಳಿದೆ. ಬರೆದ ತಲೆಬರಹವನ್ನು ಆ ಮನೆಯವರ ಎದುರು ನಿಂತು ಓದಬಲ್ಲೆನಾ ಎಂದು ಕೇಳಿಕೊಳ್ಳಿರಿ ಎನ್ನುತ್ತಿದ್ದೆ. ಹುಡುಗರು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಂಟು ವರ್ಷದ ಮೇಲೆ ಕಂಪ್ಲಿಗೆ ಹೋದೆ. ಆ ತಾಯಿ ನನ್ನನ್ನು ಗುರುತು ಹಿಡಿದು, "ಬರ್ರಿ," ಎಂದರು, ಅಷ್ಟೆ. ಒಂಬತ್ತರ ಹುಡುಗಿಯೊಬ್ಬಳು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅದು ಶಾಲೆಯ ಹೊತ್ತು, ಓಣಿಯ ಕೊನೆಯ ಶಾಲೆಯಿಂದ ಮಗ್ಗಿ ಹೇಳುವ ಸದ್ದು ಕೇಳುತ್ತಿತ್ತು. ಹುಡುಗಿಯ ತುಟಿಗಳೂ ಅದರ ಜೊತೆಗೆ ಅಲುಗಾಡುತ್ತಿದ್ದವು. ಇವಳನ್ನು ಶಾಲೆಗೆ ಸೇರಿಸೋಣ, ಪುಸ್ತಕ ಬಟ್ಟೆ ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದೆ. ಅಜ್ಜಿ ಹುಡುಗಿಯನ್ನು ನೀರು ತರಲು ಒಳಗೆ ಕಳಿಸಿದರು.

"ಬ್ಯಾಡ್ರಿ. ಓದಾಕ ಕಲತ್ರ ಒಂದಿನ ಅದನ್ನ ಓದತಾಳ."

"ಆ ಪತ್ರಿಕೆ ಸುಟ್ಟುಬಿಡ್ರಿ ಅವ್ವಾ."

"ನನ್ನ ಹತ್ರ ಇದ್ದದ್ದನ್ನ ಆಗಲೇ ಸುಟ್ಟೀನಿ," ಎಂದರು. ಕೋಪ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು: "ನೀವು ಅಂಥಾವು ಎಷ್ಟು ಅಚ್ಚು ಹಾಕಿದ್ರಿ?"

ಎಷ್ಟೆಂದು ನನಗೆ ಗೊತ್ತಿತ್ತು. ಹುಡುಗಿ ಹೊರಗೆ ಬಂದು ಚೊಂಬನ್ನು ನನ್ನ ಮುಂದಿಟ್ಟು, ಮತ್ತೆ ಅಕ್ಕಿಯ ಮುಂದೆ ಕೂತಳು.